ಹಗ್ಗ ಎಳೆದವರು ಬಿಟ್ಟುಹೋದ ದಾರಿ

ನಮ್ಮ ಜನ ನದಿಗೆ ಇಳಿಯುತ್ತಾರೆ. ನದಿಯ ಜೊತೆಯಲ್ಲಿ ನಡೆಯುವುದು ಕಡಿಮೆ. ಶ್ರೀರಂಗಪಟ್ಟಣದಲ್ಲಾಗಲಿ, ಶೃಂಗೇರಿಯಲ್ಲಾಗಲಿ ಊರಿನ ದಾರಿ ನೇರವಾಗಿ ಹೊಳೆಗೆ ಎದುರಾಗಿ ಬಂದು ಸೋಪಾನದಲ್ಲಿ ಮುಗಿಯುತ್ತದೆ. ಸ್ನಾನ, ಪೂಜೆ, ಬಟ್ಟೆ ಒಗೆತ, ಅಪರಕರ್ಮ ಏನೇ ಇರಲಿ, ಕೆಲಸ ಮುಗಿಸಿ ಬಂದ ಮೆಟ್ಟಿಲನ್ನೇ ಹತ್ತಿ ಹಿಂದಿರುಗುತ್ತೇವೆ. ಘಟ್ಟದಿಂದ ಎಡಕ್ಕೋ ಬಲಕ್ಕೋ ನಾಲ್ಕು ಹೆಜ್ಜೆ ಇಟ್ಟರೆ ಮುಳ್ಳುಪೊದೆ, ಯಾರದೋ ತೋಟದ ಬೇಲಿ, ಇಲ್ಲವೇ ಊರಿನ ಕೊಳಕು. ನರ್ಮದೆಯ ಪರಿಕ್ರಮ ಮಾಡುವವರು ತಿಂಗಳುಗಟ್ಟಲೆ ದಡ ಹಿಡಿದು ನಡೆಯುತ್ತಾರೆ, ನಿಜ. ಆದರೆ ಅದು ವ್ರತ, ಭಾನುವಾರದ ವಿಹಾರವಲ್ಲ.

ನದಿಯ ಪಕ್ಕದಲ್ಲಿ ಸುಮ್ಮನೆ ನಡೆಯುವುದನ್ನೇ ವಾರದ ಹಬ್ಬದಂತೆ ಮಾಡಿಕೊಂಡಿರುವ ಊರು ಲಂಡನ್. ಅದರ ನೈರುತ್ಯದ ಉಪನಗರಗಳಾದ ಕ್ಯೂ, ರಿಚ್ಮಂಡ್, ಟೆಡಿಂಗ್ಟನ್, ಕಿಂಗ್‌ಸ್ಟನ್‌ಗಳನ್ನು ಥೇಮ್ಸ್ ನದಿ ಬಳಸಿ ಬಳಸಿ ಹರಿಯುತ್ತದೆ. ಕ್ಯೂ ಸೇತುವೆಯಿಂದ ಹ್ಯಾಂಪ್ಟನ್ ಕೋರ್ಟ್ ಅರಮನೆಯವರೆಗೆ ಸುಮಾರು 18 ಕಿಲೋಮೀಟರು ದೂರ, ನದಿಯ ಅಂಚಿನಲ್ಲೇ, ಒಂದು ಮಣ್ಣುದಾರಿ. ಏರಿಲ್ಲ, ಇಳುಕಲಿಲ್ಲ, ದಾರಿ ತಪ್ಪುವ ಭಯವಿಲ್ಲ. ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಿಕೊಳ್ಳಲೋ ಹೋಗಿ ಲಂಡನ್ನಿನಲ್ಲಿ ಎರಡು ಮೂರು ತಿಂಗಳು ಉಳಿಯುವ ನಮ್ಮ ಕಡೆಯ ಹಿರಿಯರಿಗೆ, ಮಂಡಿನೋವು ಇದ್ದವರಿಗೂ, ಇದಕ್ಕಿಂತ ಅನುಕೂಲವಾದ ನಡಿಗೆ ಸಿಗಲಾರದು. ಒಂದೇ ಸಲ ಪೂರ್ತಿ ನಡೆಯಬೇಕೆಂದೂ ಇಲ್ಲ. ರಿಚ್ಮಂಡ್ ಸೇತುವೆಯಿಂದ ಟೆಡಿಂಗ್ಟನ್ನಿನವರೆಗಿನ ನಾಲ್ಕೂವರೆ ಕಿಲೋಮೀಟರು ಎಲ್ಲಕ್ಕಿಂತ ಚೆಂದ. ಅಷ್ಟೇ ನಡೆದರೂ ಸಾಕು.

ಆದರೆ ಯೋಚಿಸಬೇಕಾದ ಮಾತೊಂದಿದೆ. ಇಂಗ್ಲೆಂಡಿನ ಅತಿ ದುಬಾರಿ ನೆಲಗಳಲ್ಲಿ ಈ ದಡವೂ ಒಂದು. ರಾಜರು, ಶ್ರೀಮಂತರು, ವ್ಯಾಪಾರಿಗಳು ಮುನ್ನೂರು ನಾನೂರು ವರ್ಷಗಳಿಂದ ಇಲ್ಲಿ ಮನೆ ಕಟ್ಟಿದ್ದಾರೆ. ನೀರಿನವರೆಗೂ ತಮ್ಮ ಹುಲ್ಲುಹಾಸನ್ನು ಚಾಚಿ, ಗೋಡೆ ಎಬ್ಬಿಸಿ, ನದಿಯನ್ನು ತಮ್ಮ ಹಿತ್ತಲಾಗಿ ಮಾಡಿಕೊಳ್ಳಲು ಅವರಿಗೆ ಏನು ಅಡ್ಡಿ ಇತ್ತು? ಎದುರು ದಡವನ್ನು ನೋಡಿದರೆ ಈ ಪ್ರಶ್ನೆ ಇನ್ನೂ ಚುರುಕಾಗುತ್ತದೆ. ಉತ್ತರದ ದಡದಲ್ಲಿ ಹಲವು ಕಡೆ ತೋಟಗಳು ನೀರಿನ ಅಂಚಿಗೇ ಬಂದು ನಿಂತಿವೆ. ಅಲ್ಲಿ ನಡೆಯುವವನು ನದಿಯನ್ನು ಬಿಟ್ಟು ಬೀದಿಗೆ ಹೋಗಿ, ಮನೆಗಳ ಬೆನ್ನನ್ನು ನೋಡುತ್ತ ಸುತ್ತಿ ಬಂದು, ಮತ್ತೆ ನದಿಯನ್ನು ಹುಡುಕಿಕೊಳ್ಳಬೇಕು. ದಕ್ಷಿಣದ ದಡದಲ್ಲಿ ಮಾತ್ರ ಪಟ್ನಿಯಿಂದ ಕಿಂಗ್‌ಸ್ಟನ್‌ವರೆಗೆ ದಾರಿ ನೀರಿನ ಪಕ್ಕವನ್ನು ಹೆಚ್ಚುಕಡಿಮೆ ಬಿಡುವುದೇ ಇಲ್ಲ. ನದಿ ಒಂದೇ, ಸಿರಿವಂತಿಕೆಯೂ ಒಂದೇ. ದಡಗಳು ಮಾತ್ರ ಬೇರೆ ಬೇರೆ.

ಕಾರಣ ಸೌಂದರ್ಯಪ್ರಜ್ಞೆಯಲ್ಲ, ಹಗ್ಗ.

ರೈಲು ಬರುವ ಮುಂಚೆ ಲಂಡನ್ನಿನಿಂದ ಒಳನಾಡಿಗೆ ಕಲ್ಲಿದ್ದಲು, ಒಳನಾಡಿನಿಂದ ಲಂಡನ್ನಿಗೆ ಧಾನ್ಯ, ಮರ ಎಲ್ಲವೂ ಥೇಮ್ಸ್ ಮೇಲೆಯೇ ಸಾಗುತ್ತಿದ್ದವು. ಸಮುದ್ರದ ಭರತ ಒಳಗೆ ನುಗ್ಗುವಾಗ ದೋಣಿಗಳು ಅದರ ಜೊತೆಯಲ್ಲಿ ಮೇಲಕ್ಕೆ ತೇಲಿಬರುತ್ತಿದ್ದವು. ಆದರೆ ಪಟ್ನಿ ದಾಟಿದಂತೆ ಭರತದ ಬಲವನ್ನು ಮಾತ್ರ ನಂಬುವಂತಿರಲಿಲ್ಲ. ಅಲ್ಲಿಂದಾಚೆ ಪ್ರವಾಹಕ್ಕೆ ಎದುರಾಗಿ ಸರಕು ತುಂಬಿದ ದೋಣಿಯನ್ನು ದಡದ ಮೇಲಿನಿಂದ ಹಗ್ಗ ಕಟ್ಟಿ ಎಳೆಯಬೇಕಿತ್ತು. ಮೊದಲು ಎಳೆಯುತ್ತಿದ್ದವರು ಮನುಷ್ಯರು: ಎದೆಗೆ ಪಟ್ಟಿ ಬಿಗಿದುಕೊಂಡು, ಒಂದೊಂದು ದೊಡ್ಡ ದೋಣಿಗೆ ಹತ್ತಾರು ಆಳುಗಳು, ಕೆಸರಿನಲ್ಲಿ ಬಾಗಿ ಬಾಗಿ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅವರ ಜಾಗಕ್ಕೆ ಕುದುರೆಗಳು ಬಂದವು. ಕುದುರೆಗೆ ಕೆಸರು ಸಾಲದು, ಗಟ್ಟಿಯಾದ ದಾರಿ ಬೇಕು. ಹಾಗೆ ಹುಟ್ಟಿದ್ದು ಟೋ-ಪಾತ್, ಅಂದರೆ ದೋಣಿ ಎಳೆಯುವ ದಾರಿ.

ಹಗ್ಗದ ಸ್ವಭಾವವನ್ನು ಗಮನಿಸಿದರೆ ಈ ದಾರಿಯ ಸ್ವಭಾವ ಅರ್ಥವಾಗುತ್ತದೆ. ಕುದುರೆಗೂ ದೋಣಿಗೂ ನಡುವೆ ಮನೆ, ಗೋಡೆ, ಬೇಲಿ, ಮರ ಯಾವುದೂ ಇರುವಂತಿಲ್ಲ. ಇದ್ದರೆ ಹಗ್ಗ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ದಾರಿ ನೀರಿಗೆ ಅಂಟಿಕೊಂಡೇ ಇರಬೇಕು. ಯಾವ ದೊರೆಯ ತೋಟವಾದರೂ ದಾರಿಯ ಒಳಬದಿಗೇ ನಿಲ್ಲಬೇಕು. ಕ್ಯೂ ಸಸ್ಯೋದ್ಯಾನ ರಾಜಮನೆತನದ ಸ್ವತ್ತಾಗಿದ್ದ ಕಾಲದಲ್ಲೂ ಅದರ ಎಲ್ಲೆ ಈ ದಾರಿಯ ಪಕ್ಕದ ಕಂದಕದಲ್ಲಿ ಮುಗಿಯುತ್ತಿತ್ತು, ಇವತ್ತೂ ಅಷ್ಟೆ. ದಾರಿ ಸಮತಟ್ಟಾಗಿರುವುದಕ್ಕೂ ಬೇರೆ ಕಾರಣ ಹುಡುಕಬೇಕಿಲ್ಲ. ನದಿ ಏರಿದಷ್ಟೇ ಅದೂ ಏರುತ್ತದೆ. ನಮ್ಮ ಹಿರಿಯರ ಮಂಡಿಗೆ ಸಿಗುವ ಸುಖ ಆ ಕಾಲದ ಕುದುರೆಗಳಿಗೆಂದು ಮಾಡಿಟ್ಟ ವ್ಯವಸ್ಥೆ. ಇಂದು ದಾರಿಗೂ ನೀರಿಗೂ ನಡುವೆ ಅಲ್ಲಲ್ಲಿ ನೀರಿಗೆ ಬಾಗಿರುವ ಮರಗಳಿವೆಯಲ್ಲ, ಅವು ಉಗಿದೋಣಿಗಳು ಬಂದು ಕುದುರೆಗಳ ಕೆಲಸ ಹೋದಮೇಲೆ ಬೆಳೆದುಕೊಂಡವು.

ಈ ಹಕ್ಕು ತಾನಾಗಿ ಬಂದದ್ದಲ್ಲ. ನದಿಯಲ್ಲಿ ದೋಣಿ ನಡೆಸುವ ಹಕ್ಕು ಸಾರ್ವಜನಿಕರಿಗಿದ್ದರೆ, ದಡದ ಮೇಲೆ ನಿಂತು ಅದನ್ನು ಎಳೆಯುವ ಹಕ್ಕೂ ಇರಬೇಕಲ್ಲವೇ ಎಂದು ಯಾರಿಗಾದರೂ ತೋರುತ್ತದೆ. 1789ರಲ್ಲಿ ಈ ಪ್ರಶ್ನೆ ಲಂಡನ್ನಿನ ಕಿಂಗ್ಸ್ ಬೆಂಚ್ ನ್ಯಾಯಾಲಯದ ಮುಂದೆ ಬಂದಾಗ ನ್ಯಾಯಾಧೀಶರು ಇಲ್ಲ ಎಂದರು. ನೀರು ಎಲ್ಲರದಿರಬಹುದು, ದಡ ಮಾತ್ರ ಒಡೆಯನದು. ವಿಶೇಷ ಶಾಸನವೋ ಸ್ಥಳದ ರೂಢಿಯೋ ಇಲ್ಲದೆ ಅವನ ನೆಲ ತುಳಿಯುವಂತಿಲ್ಲ. ಆದ್ದರಿಂದ ಎಳೆಯುವ ದಾರಿಯನ್ನು ಜಾಗ ಜಾಗಕ್ಕೆ ಕೇಳಿ, ಕೊಂಡು, ಕಾನೂನು ಮಾಡಿ ಗಳಿಸಬೇಕಾಯಿತು. ದಡದ ಒಡೆಯ ಒಪ್ಪದ ಕಡೆ ದಾರಿ ನದಿಯನ್ನು ದಾಟಿ ಆಚೆ ದಡಕ್ಕೆ ಹೋಗುತ್ತಿತ್ತು, ಕುದುರೆಯನ್ನೂ ದೋಣಿಗೆ ಹತ್ತಿಸಿ ದಾಟಿಸುತ್ತಿದ್ದರು. ಥೇಮ್ಸ್ ದಾರಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಜಿಗಿಯುವುದರ ಹಿಂದೆ ಇಂಥ ಹಳೆಯ ಹಟಗಳೂ ಇವೆ. ರಾಣಿಯೇ ಒಡತಿಯಾದರಂತೂ ಕೇಳುವುದೇ ಬೇಡ. ವಿಂಡ್ಸರ್ ಕೋಟೆಯ ಕೆಳಗಿನ ದಡದ ದಾರಿಯನ್ನು 1848ರ ಒಂದು ಕಾನೂನಿನ ಬಲದಿಂದ ಮುಚ್ಚಲಾಯಿತು. ಇವತ್ತಿಗೂ ಅಲ್ಲಿ ನಡೆಯುವವರು ಎದುರು ದಡಕ್ಕೆ ಹೋಗಬೇಕು.

ಇಷ್ಟು ಹಿನ್ನೆಲೆ ತಿಳಿದು ರಿಚ್ಮಂಡ್ ಸೇತುವೆಯ ಬಳಿ ದಾರಿಗಿಳಿದರೆ ಕಾಣುವುದೆಲ್ಲ ಬೇರೆಯಾಗಿ ಕಾಣುತ್ತದೆ. 1777ರಲ್ಲಿ ತೆರೆದ ಈ ಕಲ್ಲಿನ ಸೇತುವೆ ಲಂಡನ್ ವ್ಯಾಪ್ತಿಯಲ್ಲಿ ಥೇಮ್ಸ್‌ಗೆ ಇಂದು ಉಳಿದಿರುವ ಸೇತುವೆಗಳಲ್ಲೇ ಹಳೆಯದು. ಅದಕ್ಕೆ ಹಣ ಕೂಡಿಸಿದ ಬಗೆ ವಿಚಿತ್ರವಾಗಿತ್ತು. ಷೇರು ಕೊಂಡವರಲ್ಲಿ ಒಬ್ಬೊಬ್ಬರು ಸತ್ತಂತೆ ಅವರ ಪಾಲಿನ ಸುಂಕದ ಆದಾಯ ಬದುಕಿದವರಿಗೆ ಹಂಚಿಕೆಯಾಗುತ್ತಿತ್ತು. ಕೊನೆಯ ಪಾಲುದಾರ ತೀರಿಕೊಂಡ ಮೇಲೆ, 1859ರಲ್ಲಿ, ಸುಂಕ ನಿಂತಿತು. ದೀರ್ಘಾಯುಷ್ಯಕ್ಕೆ ಬಡ್ಡಿ ಕೊಡುವ ಈ ಏರ್ಪಾಟಿನಲ್ಲಿ ಒಬ್ಬರ ಆರೋಗ್ಯವನ್ನು ಇನ್ನೊಬ್ಬರು ಎಷ್ಟು ಅಕ್ಕರೆಯಿಂದ ವಿಚಾರಿಸುತ್ತಿದ್ದರೋ!

ಸೇತುವೆಯಿಂದ ಮೇಲಕ್ಕೆ ಹತ್ತು ನಿಮಿಷ ನಡೆದರೆ ಎಡಕ್ಕೆ ಪೀಟರ್‌ಶ್ಯಾಮ್ ಹುಲ್ಲುಗಾವಲು. ಬೇಸಿಗೆಯಲ್ಲಿ ದನಗಳು ಮೇಯುತ್ತಿರುತ್ತವೆ. ಮಹಾನಗರದ ಒಳಗೆ ಹೀಗೊಂದು ನೋಟ! ಹಿಂದೆ ರಿಚ್ಮಂಡ್ ಗುಡ್ಡ. ಗುಡ್ಡದ ಮೇಲಿನಿಂದ ಕಾಣುವ ನದಿಯ ತಿರುವನ್ನು ಟರ್ನರ್‌ನಂಥ ಕಲಾವಿದರು ಚಿತ್ರಿಸಿದ್ದಾರೆ. ಈ ನೋಟ ಇಂದಿಗೂ ಉಳಿದಿರುವುದು ಚಿತ್ರಗಳ ಬಲದಿಂದಲ್ಲ, 1902ರ ಒಂದು ಶಾಸನದಿಂದ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕುದುರೆಗಳು ಹೋಗಿ ರೈಲು ಬಂದಿತ್ತು. ರೈಲಿನೊಂದಿಗೆ ಮನೆ ಕಟ್ಟಿ ಮಾರುವವರೂ ಬಂದರು. ನದಿಯ ನಡುವೆ ಗ್ಲೋವರ್ಸ್ ಐಲೆಂಡ್ ಎಂಬ ಪುಟ್ಟ ನಡುಗಡ್ಡೆಯಿದೆ. ಅದನ್ನು ಒಡೆಯ ಹರಾಜಿಗಿಟ್ಟಾಗ, ಸೋಪಿನ ಜಾಹೀರಾತು ಫಲಕ ಅಲ್ಲಿ ಎದ್ದು ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿ ಊರೆಲ್ಲ ಕೆರಳಿತು. ಕಡೆಗೆ 1900ರಲ್ಲಿ ಮ್ಯಾಕ್ಸ್ ವೆಕ್ಟರ್ ಎಂಬ ಸ್ಥಳೀಯ ಸಿರಿವಂತರು ಅದನ್ನು ಕೊಂಡು ಪುರಸಭೆಗೆ ಕೊಟ್ಟರು. ಅದೇ ಹೊತ್ತಿಗೆ ಎದುರು ದಡದ ಮಾರ್ಬಲ್ ಹಿಲ್ ಎಂಬ ಹಳೆಯ ಬಂಗಲೆಯ ತೋಪಿನಲ್ಲಿ ಬಡಾವಣೆಗಾಗಿ ಮರ ಕಡಿಯುವುದು ಶುರುವಾಗಿತ್ತು. ಗುಡ್ಡದ ಮೇಲಿನ ನೋಟಕ್ಕೇ ಕುತ್ತು ಬಂತೆಂದು ಜನ ಎಚ್ಚೆತ್ತರು. ಚಂದಾ ಎತ್ತಿ, ಲಂಡನ್ ಕೌಂಟಿ ಕೌನ್ಸಿಲನ್ನೂ ಸುತ್ತಲಿನ ಸ್ಥಳೀಯ ಸಂಸ್ಥೆಗಳನ್ನೂ ಸೇರಿಸಿಕೊಂಡು, 1902ರಲ್ಲಿ ಇಡೀ ತೋಪನ್ನೇ ಕೊಂಡರು. ಮರುವರ್ಷ ಅದು ಉದ್ಯಾನವಾಗಿ ಸಾರ್ವಜನಿಕರಿಗೆ ತೆರೆಯಿತು.

ಈಚೆ ದಡದ ಕಥೆ ಇಷ್ಟು ಸರಳವಲ್ಲ. ಇಲ್ಲಿನ ಬಹುಪಾಲು ನೆಲ ಡೈಸರ್ಟ್ ಅರ್ಲ್‌ಗೆ ಸೇರಿತ್ತು. ದಾರಿಯಲ್ಲಿ ಸಿಗುವ ಹ್ಯಾಮ್ ಹೌಸ್, 1610ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಮಹಲು, ಆ ಮನೆತನದ್ದು. ಆದರೆ ಅವನ ಹೊಲಗಳ ಮೇಲೆ ಊರವರಿಗೂ ಒಂದು ಹಳೆಯ ಹಕ್ಕಿತ್ತು. ಕೊಯ್ಲಾದ ಮೇಲೆ ಯಾರ ದನವಾದರೂ ಅಲ್ಲಿ ಮೇಯಬಹುದು. ನಮ್ಮ ಹಳ್ಳಿಗಳಲ್ಲಿ ಕೂಳೆ ಮೇಯಿಸುತ್ತಿದ್ದುದನ್ನು ನೆನೆಸಿಕೊಂಡರೆ ಓದುಗರಿಗೆ ಇದು ಸುಲಭವಾಗಿ ತಿಳಿದೀತು. ಈ ಹಕ್ಕು ಇರುವವರೆಗೆ ಹೊಲದಲ್ಲಿ ಮನೆ ಕಟ್ಟುವಂತಿರಲಿಲ್ಲ. 1902ರ ಶಾಸನದಲ್ಲಿ ಆದದ್ದು ಒಂದು ವಿನಿಮಯ. ಅರ್ಲ್ ಪೀಟರ್‌ಶ್ಯಾಮ್ ಹುಲ್ಲುಗಾವಲನ್ನೂ ನದಿಯ ಅಂಚಿನ ನೆಲವನ್ನೂ ಸಾರ್ವಜನಿಕರಿಗೆ ಬಿಟ್ಟುಕೊಟ್ಟ. ಪ್ರತಿಯಾಗಿ ಹ್ಯಾಮ್ ಹೊಲಗಳ ಮೇಲಿನ ಊರವರ ಮೇವಿನ ಹಕ್ಕು ರದ್ದಾಯಿತು. ನೋಟ ಉಳಿಯಿತು, ನಡೆಯುವ ದಾರಿ ಉಳಿಯಿತು. ದನ ಕಟ್ಟಿದವನಿಗೆ ಏನು ಉಳಿಯಿತು ಎಂದು ಕೇಳಿದರೆ ಉತ್ತರ ಅಷ್ಟು ಹಿತವಾಗಿರಲಾರದು. ಗುಡ್ಡದ ಮೇಲೆ ನಿಂತು ನೋಡುವವರ ಮಾತಿಗೆ, ಕೆಳಗೆ ದುಡಿಯುವವರ ಮಾತಿಗಿಂತ, ಯಾವ ದೇಶದಲ್ಲೂ ತೂಕ ಹೆಚ್ಚು.

ಆದರೆ ಅದೇ ಅರ್ಲ್ ಒಬ್ಬ ಸಾಮಾನ್ಯ ಅಂಬಿಗನ ಎದುರು ಸೋತ ಕಥೆಯೂ ಇದೇ ದಡದ್ದು. ಹ್ಯಾಮ್ ಹೌಸ್‌ನ ಮುಂದೆ ನದಿ ದಾಟಲು ಪುರಾತನವಾದೊಂದು ಕಡವು ಇತ್ತು. ಅದರ ಹಕ್ಕು ಅರ್ಲ್‌ನದು. ಮಾರ್ಬಲ್ ಹಿಲ್ ಉದ್ಯಾನವಾದ ಮೇಲೆ ಭಾನುವಾರ ಅಲ್ಲಿಗೆ ಬರುವ ಜನ ಹೆಚ್ಚಿದರು. ಅದನ್ನು ಕಂಡ ವಾಲ್ಟರ್ ಹ್ಯಾಮರ್ಟನ್ ಎಂಬ ದೋಣಿಗಾರ, ಹಳೆಯ ಕಡವಿನಿಂದ ಸ್ವಲ್ಪ ಕೆಳಗೆ, ಉದ್ಯಾನದ ಅಂಚಿನಿಂದ ಒಂದು ಪೆನ್ನಿಗೆ ಜನರನ್ನು ದಾಟಿಸತೊಡಗಿದ. ಇಂಗ್ಲಿಷ್ ಕಾನೂನಿನಲ್ಲಿ ಹಳೆಯ ಕಡವಿನ ಪಕ್ಕದಲ್ಲಿ ಇನ್ನೊಬ್ಬ ದೋಣಿ ಇಟ್ಟು ಅದರ ಗಿರಾಕಿಗಳನ್ನು ಸೆಳೆಯುವಂತಿಲ್ಲ. ಅರ್ಲ್‌ನ ಕಡೆಯವರು ದಾವೆ ಹೂಡಿದರು. ಒಂದು ನ್ಯಾಯಾಲಯ ಅಂಬಿಗನ ಪರ, ಮೇಲಿನದು ಅರ್ಲ್‌ನ ಪರ. ಕಡೆಗೆ ಪ್ರಕರಣ ಅಂದಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್‌ಗೆ ಹೋಯಿತು. ಹಳೆಯ ಕಡವು ಊರಿಂದ ಊರಿಗೆ ಹೋಗುವವರಿಗೆಂದು ಇದ್ದದ್ದು. ಉದ್ಯಾನಕ್ಕೂ ನದಿಯ ದಾರಿಗೂ ವಿಹಾರಕ್ಕೆ ಬರುವವರು ಹೊಸ ಬಗೆಯ ಜನ, ಅವರ ಅಗತ್ಯವೂ ಹೊಸದು. 1915ರಲ್ಲಿ ಅಂಬಿಗ ಗೆದ್ದ. ಜಗತ್ತೆಲ್ಲ ಯುದ್ಧದಲ್ಲಿ ಮುಳುಗಿದ್ದಾಗ ಒಂದು ಪೆನ್ನಿಯ ದೋಣಿಯ ಬಗ್ಗೆ ಲಾರ್ಡುಗಳು ತಲೆ ಕೆಡಿಸಿಕೊಂಡದ್ದು ತಮಾಷೆಯಾಗಿ ತೋರಬಹುದು. ಆದರೆ ಸುಮ್ಮನೆ ನಡೆಯಲು ಬರುವವನಿಗೂ ಕಾನೂನಿನ ಕಣ್ಣಲ್ಲಿ ಒಂದು ಸ್ಥಾನವಿದೆ ಎಂಬುದು ಹೀಗೆ ತೀರ್ಮಾನವಾಯಿತು. ಹಳೆಯ ಕಡವು ಎಂದೋ ನಿಂತುಹೋಗಿದೆ. ಹ್ಯಾಮರ್ಟನ್ ಹೆಸರಿನ ದೋಣಿ ಇನ್ನೂ ನಡೆಯುತ್ತಿದೆ. ಪೆನ್ನಿಗೆ ಅಲ್ಲ, ಅಷ್ಟೆ.

ಮುಂದೆ ದಾರಿಯ ಎಡಕ್ಕೆ ಹ್ಯಾಮ್ ಲ್ಯಾಂಡ್ಸ್ ಎಂಬ ಕಾಡು ಹುಲ್ಲುನೆಲ. ನೋಡಿದರೆ ಆದಿಯಿಂದಲೂ ಹೀಗೇ ಇತ್ತು ಎನ್ನಿಸುತ್ತದೆ. ಹಾಗಲ್ಲ. ಇಲ್ಲಿ ಜಲ್ಲಿ ತೆಗೆದು ಆದ ದೊಡ್ಡ ಗುಂಡಿಗಳಿಗೆ, ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ಕುಸಿದ ಲಂಡನ್ ಮನೆಗಳ ಅವಶೇಷವನ್ನು ತಂದು ಸುರಿದರು. ಬೇರೆ ಬೇರೆ ಕಡೆಯ ಮಣ್ಣು, ಸುಣ್ಣ, ಇಟ್ಟಿಗೆಚೂರು ಸೇರಿದ್ದರಿಂದ ಅಂಗೈಯಗಲ ನೆಲದಲ್ಲಿ ಬಗೆಬಗೆಯ ಹೂಗಿಡಗಳು. ಚಿಟ್ಟೆಗಳಿಗೆ ಅದರ ಚರಿತ್ರೆ ಬೇಕಿಲ್ಲ.

ಇಲ್ಲಿ ತಲೆಯ ಮೇಲೆ ಪರಿಚಿತವಾದೊಂದು ಕಿರುಚಾಟ ಕೇಳಿದರೆ ಬೆಚ್ಚಬೇಡಿ. ಕೆಂಪು ಕೊಕ್ಕಿನ, ಕೊರಳಿಗೆ ಉಂಗುರವಿರುವ ನಮ್ಮದೇ ಹಸಿರು ಗಿಳಿಗಳು. ಪಂಜರದಿಂದ ತಪ್ಪಿಸಿಕೊಂಡ ಹಕ್ಕಿಗಳ ಸಂತತಿ 1970ರ ದಶಕದಿಂದ ಈಚೆಗೆ ಇಲ್ಲಿ ನೆಲೆಯೂರಿ, ರಿಚ್ಮಂಡ್, ಕ್ಯೂ, ಕಿಂಗ್‌ಸ್ಟನ್‌ಗಳ ಮರಗಳನ್ನೆಲ್ಲ ಆಕ್ರಮಿಸಿಕೊಂಡಿದೆ. ಹಿಮ ಬಿದ್ದರೂ ಅವಕ್ಕೆ ಚಿಂತೆಯಿಲ್ಲ. ನಮ್ಮ ಕಡೆಯ ಹಿರಿಯರು ಮೊಮ್ಮಕ್ಕಳಿಗೆ ಹೆಸರು ಹೇಳಿ ತೋರಿಸಬಹುದಾದ ಹಕ್ಕಿ ಅಲ್ಲಿ ಇದೊಂದು.

ಟೆಡಿಂಗ್ಟನ್ ಬಂದಾಗ ನದಿಗೆ ಅಡ್ಡಗಟ್ಟೆ, ಪಕ್ಕದಲ್ಲಿ ಲಾಕ್: ಎರಡು ಬಾಗಿಲುಗಳ ನಡುವೆ ನೀರು ತುಂಬಿಸಿ ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಳಿಸುವ ಕಲ್ಲಿನ ತೊಟ್ಟಿ. ಮೊದಲ ಲಾಕ್ ಇಲ್ಲಿ ಆದದ್ದು 1811ರಲ್ಲಿ. ಸಮುದ್ರದ ಭರತ ಬಂದು ನಿಲ್ಲುವುದು ಇಲ್ಲಿಗೇ. ಭರತ ಕೊನೆಗೊಳ್ಳುವ ಊರು ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದ ಟೆಡಿಂಗ್ಟನ್ ಎಂಬ ಹೆಸರು ಬಂತೆಂದು ಹೇಳುವುದುಂಟು. ಚೆಂದದ ಕಥೆ, ಆದರೆ ಸುಳ್ಳು. ಊರಿನ ಹೆಸರು ಯಾವನೋ ಹಳೆಯ ಸ್ಯಾಕ್ಸನ್ ಮನುಷ್ಯನದು. ಲಾಕ್‌ನಿಂದ ಸ್ವಲ್ಪ ಕೆಳಗೆ ಒಂದು ಕಲ್ಲುಗಂಬವಿದೆ. 1909ರಲ್ಲಿ ನೆಟ್ಟದ್ದು. ಕೆಳಗಿನ ನೀರು ಲಂಡನ್ ಬಂದರು ಪ್ರಾಧಿಕಾರಕ್ಕೆ, ಮೇಲಿನದು ಒಳನಾಡಿನ ನದಿಯನ್ನು ನೋಡಿಕೊಳ್ಳುವವರಿಗೆ ಸೇರಿದ್ದು ಎಂಬುದರ ಗುರುತು.

ಭರತದ ವಿಷಯದಲ್ಲಿ ಒಂದು ಎಚ್ಚರ ಹೇಳಲೇಬೇಕು. ಅಮಾವಾಸ್ಯೆ, ಹುಣ್ಣಿಮೆಗಳಾದ ಒಂದೆರಡು ದಿನಗಳಲ್ಲಿ ನೀರು ಎಲ್ಲಕ್ಕಿಂತ ಹೆಚ್ಚು ಏರುತ್ತದೆ. ಆಗ ರಿಚ್ಮಂಡ್ ಮತ್ತು ಹ್ಯಾಮ್ ನಡುವಿನ ದಾರಿ ಕೆಲವು ಕಡೆ ಪೂರ್ತಿ ಮುಳುಗಿಹೋಗುತ್ತದೆ. ನದಿಯ ಅಂಚಿನ ಬೀದಿಯಲ್ಲಿ ಕಾರು ನಿಲ್ಲಿಸಿ ಹೋದವರು ಮರಳಿ ಬಂದು ಬಾಯಿ ಬಿಡುತ್ತಾರೆ. ಅಪಾಯ ದೊಡ್ಡದಲ್ಲ, ಗಂಟೆ ಎರಡು ಗಂಟೆ ಕಾದರೆ ನೀರು ಇಳಿಯುತ್ತದೆ. ಆದರೂ ಹೊರಡುವ ಮುನ್ನ ಭರತದ ವೇಳಾಪಟ್ಟಿಯನ್ನೊಮ್ಮೆ ನೋಡುವುದು ಒಳ್ಳೆಯದು. ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಹಿಂದೆ ಇತ್ತು. 1831ರಲ್ಲಿ ಹಳೆಯ ಲಂಡನ್ ಸೇತುವೆಯನ್ನು ಕೆಡವತೊಡಗಿದರು. ಅದರ ಒತ್ತೊತ್ತಾದ ಕಂಬಗಳು ಹೋದಮೇಲೆ ನೀರು ಸರಾಗವಾಗಿ ಇಳಿದುಹೋಗಿ, ಇಳಿತದ ವೇಳೆ ರಿಚ್ಮಂಡಿನಲ್ಲಿ ನದಿಯ ಬದಲು ಕೆಸರು ಉಳಿಯುತ್ತಿತ್ತು. 1894ರಲ್ಲಿ ರಿಚ್ಮಂಡಿನ ಕೆಳಗೆ ಏರಿಸಿ ಇಳಿಸಬಹುದಾದ ಬಾಗಿಲುಗಳ ಕಟ್ಟೆ ಕಟ್ಟಿ ನೀರು ತಡೆದರು. ಅದರ ಮೇಲಿನ ಕಾಲುಸೇತುವೆಯಲ್ಲಿ ಇಂದೂ ನಡೆಯಬಹುದು. ನಾವು ಸಹಜವೆಂದು ನೋಡಿ ಆನಂದಿಸುವ ತುಂಬುನದಿ ಅಲ್ಲಿ ಮನುಷ್ಯರು ಬಾಗಿಲು ಹಾಕಿ ನಿಲ್ಲಿಸಿಟ್ಟದ್ದು.

ನೀರಿನ ಶುದ್ಧಿಯೂ ಹಾಗೆಯೇ. 1858ರ ಬೇಸಿಗೆಯಲ್ಲಿ ಲಂಡನ್ನಿನ ಬಳಿ ಈ ನದಿಯ ದುರ್ನಾತಕ್ಕೆ ಪಾರ್ಲಿಮೆಂಟೇ ತತ್ತರಿಸಿತ್ತು. ಅದಾದ ನೂರು ವರ್ಷಕ್ಕೆ, 1957ರಲ್ಲಿ, ಭರತ ಬರುವ ಭಾಗದಲ್ಲಿ ನದಿ ಜೀವವಿಲ್ಲದ್ದೆಂದು ಅಲ್ಲಿನ ವಿಜ್ಞಾನಿಗಳೇ ಹೇಳಿದರು. ಮೀನುಗಳು ಮರಳಿದ್ದು ಆಮೇಲಿನ ದಶಕಗಳಲ್ಲಿ. ಮಳೆ ಬಂದಾಗ ಚರಂಡಿ ಉಕ್ಕಿ ನದಿಗೆ ಸೇರುವುದನ್ನು ತಡೆಯಲು 25 ಕಿಲೋಮೀಟರು ಉದ್ದದ ಸುರಂಗವೊಂದು 2025ರಲ್ಲಿ ಪೂರ್ಣವಾಗಿ ಕೆಲಸಕ್ಕೆ ಬಂತು. ಬೆಂಗಳೂರಿನ ಬಸವನಗುಡಿಯ ಕಡೆ ಹುಟ್ಟಿ ಮೈಸೂರು ರಸ್ತೆಯ ಪಕ್ಕದಲ್ಲಿ ಮೂಗು ಮುಚ್ಚಿಸಿಕೊಂಡು ಹರಿಯುವ ವೃಷಭಾವತಿಯನ್ನು ಬಲ್ಲವರಿಗೆ ಈ ಇಸವಿಗಳಲ್ಲಿ ಸ್ವಲ್ಪ ಧೈರ್ಯವೂ, ಎಷ್ಟು ವರ್ಷ ಹಿಡಿಯಿತೆಂಬ ಅಳುಕೂ ಒಟ್ಟಿಗೇ ಕಾಣಬಹುದು.

ಎಳೆಯುವ ದಾರಿಗಳನ್ನೂ ಹೊಸದಾಗಿ ಬಿಡಿಸಿಕೊಂಡ ತುಣುಕುಗಳನ್ನೂ ಜೋಡಿಸಿ, ನದಿಯ ಮೂಲದಿಂದ ಲಂಡನ್ನಿನ ಪೂರ್ವದವರೆಗೆ ಸುಮಾರು 185 ಮೈಲಿಯ ಥೇಮ್ಸ್ ಪಾತ್ ಎಂಬ ರಾಷ್ಟ್ರೀಯ ಕಾಲುದಾರಿಯನ್ನು 1996ರಲ್ಲಿ ತೆರೆಯಲಾಯಿತು. ನಡಿಗೆದಾರರ ಸಂಘಗಳು ದಶಕಗಳ ಕಾಲ ಬೆನ್ನು ಹತ್ತಿದ್ದರ ಫಲ ಅದು. ಪಟ್ನಿಯಿಂದ ಕೆಳಗೆ, ನಗರದ ಮಧ್ಯಭಾಗದಲ್ಲಿ, ಕುದುರೆ ದಾರಿ ಇರಲೇ ಇಲ್ಲವಾದ್ದರಿಂದ ಅಲ್ಲಿನ ದಾರಿ ಬೇರೆ ಬೇರೆ ಕಾಲದಲ್ಲಿ ಕಟ್ಟಿ ಸೇರಿಸಿದ್ದು. ಅದರಲ್ಲಿ ಲ್ಯಾಂಬೆತ್ ಬಳಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ನಮಗೆ ಪರಿಚಿತವಾದ ಮುಖವೊಂದಿದೆ: 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ. ಕನ್ನಡಿಗರು ಲಂಡನ್ನಿಗೆ ಹೋದರೆ ಅಲ್ಲಿಗೆ ತಪ್ಪದೆ ಹೋಗುತ್ತಾರೆ. ಅದೇ ದಾರಿ ಪಶ್ಚಿಮಕ್ಕೆ ಹೀಗೆ ಹೊಲ, ಗಿಳಿ, ದನಗಳ ನಡುವೆ ಸಾಗುತ್ತದೆಂದು ತಿಳಿದವರು ಕಡಿಮೆ.

ಟೆಡಿಂಗ್ಟನ್‌ನಿಂದ ಮೂರು ಕಿಲೋಮೀಟರು ನಡೆದರೆ ಕಿಂಗ್‌ಸ್ಟನ್. ಪೇಟೆ, ಹೋಟೆಲು, ರೈಲು ಎಲ್ಲ ಇವೆ. ದಣಿದವರು ಇಲ್ಲೇ ನಿಲ್ಲಬಹುದು. ಮುಂದುವರಿಯುವವರು ಸೇತುವೆ ದಾಟಿ ಆಚೆ ದಡಕ್ಕೆ ಹೋಗಬೇಕು, ಏಕೆಂದರೆ ಇಲ್ಲಿ ಕುದುರೆಗಳೂ ದಡ ಬದಲಿಸುತ್ತಿದ್ದವು. ಅಲ್ಲಿಂದ ಐದು ಕಿಲೋಮೀಟರು ಎಡಕ್ಕೆ ನದಿ, ಬಲಕ್ಕೆ ಎಂಟನೆಯ ಹೆನ್ರಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಉದ್ಯಾನದ ಎಲ್ಲೆ, ನಡುವೆ ಬಾರ್ಜ್ ವಾಕ್ ಎಂಬ ನೆರಳಿನ ದಾರಿ. ಸೈಕಲ್ಲಿನವರು ಹಿಂದಿನಿಂದ ಗಂಟೆ ಬಾರಿಸಿಕೊಂಡು ಬರುತ್ತಾರೆ, ಪಕ್ಕಕ್ಕೆ ಸರಿದರಾಯಿತು. ಅರಮನೆಯ ಬಳಿ ಸೇತುವೆ ದಾಟಿದರೆ ರೈಲು ನಿಲ್ದಾಣ. ಕಾಲಲ್ಲಿ ಇನ್ನೂ ಕಸುವಿದ್ದವರಿಗೆ ದಾರಿ ಮತ್ತೆ ದಕ್ಷಿಣದ ದಡ ಹಿಡಿದು ಮುಂದೆ ಹೋಗುತ್ತದೆ. ಶೆಪರ್ಟನ್ ಎದುರು ಅದು ನೀರಿನ ಅಂಚಿನಲ್ಲಿ ಮುಗಿದಂತೆ ಕಾಣುತ್ತದೆ. ದಡದಲ್ಲಿ ಒಂದು ಗಂಟೆ ತೂಗುಹಾಕಿದೆ. ಕಾಲುಗಂಟೆಗೊಂದು ಸಲ ಅದನ್ನು ಬಾರಿಸಿದರೆ ಆಚೆ ದಡದಿಂದ ಅಂಬಿಗ ದೋಣಿ ತರುತ್ತಾನೆ.